ಫೋಲ್ಡಿಟ್: ಅಂಕ ಇಳಿದರೆ ಇಳಿಯಲಿ

ಪ್ರೋಟೀನಿನ ಸರಪಳಿಯನ್ನು ಮಡಚಿ ಸರಿಯಾದ ಆಕಾರಕ್ಕೆ ತರುವ ಫೋಲ್ಡಿಟ್ ಆಟ 2008ರಿಂದ ಇದೆ, ಉಚಿತ. ಹೊಸಬರು ಬಂದವರೇ ‘ವಿಗಲ್’ ಒತ್ತಿ ಕೂರುತ್ತಾರೆ. ಅಂಕ ಸರಸರನೆ ಏರಿ ಒಂದು ಕಡೆ ನಿಂತುಬಿಡುತ್ತದೆ. ಬೇಸರ!

ಅವಸರ ಬೇಡ, ಮೊದಲು ಬಣ್ಣ ನೋಡಿ. ಕಿತ್ತಳೆ ಬಣ್ಣದ ಕವಲುಗಳಿಗೆ ನೀರೆಂದರೆ ಆಗದು, ಅವು ಒಳಗೆ ಅಡಗಬೇಕು. ನೀಲಿಯವು ಹೊರಗಿರಲಿ. ಈ ದೊಡ್ಡ ಜೋಡಣೆಯನ್ನು ಕೈಯಿಂದಲೇ ಮಾಡಿ. ದೂರದ ಭಾಗಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಎಳೆಯಿರಿ, ಚೆನ್ನಾಗಿ ಕೂತದ್ದನ್ನು ಫ್ರೀಜ್ ಮಾಡಿ. ಅಂಕ ಪಾತಾಳಕ್ಕಿಳಿದರೂ ಹೆದರಬೇಡಿ. ಹಳೆಯ ಒಳ್ಳೆಯ ಸ್ಥಿತಿಗೆ ಮರಳಲು ದಾರಿಯಿದೆ. ಆಮೇಲೆ ‘ಕ್ಲ್ಯಾಶಿಂಗ್ ಇಂಪಾರ್ಟೆನ್ಸ್’ ತಗ್ಗಿಸಿ ವಿಗಲ್ ಕೊಡಿ, ಪೂರ್ತಿ ಏರಿಸಿ ಶೇಕ್, ಮತ್ತೆ ವಿಗಲ್. ನಿಂತ ಅಂಕ ಕದಲುವುದು ಹೆಚ್ಚಾಗಿ ಈ ಪಟ್ಟಿನಿಂದಲೇ. ರೆಸಿಪಿಗಳು ಕೊನೆಗೆ. ಮೊದಲೇ ಓಡಿಸಿದರೆ ತಪ್ಪು ಆಕಾರವೇ ಗಟ್ಟಿಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಇಷ್ಟೆಲ್ಲ ಬರೀ ಅಂಕಕ್ಕಾಗಿ ಅಲ್ಲ. ಮಂಗಗಳಿಗೆ ಏಡ್ಸ್‌ನಂಥ ಕಾಯಿಲೆ ತರುವ ವೈರಸ್ಸಿನ ಒಂದು ಕಿಣ್ವದ ರಚನೆ ವಿಜ್ಞಾನಿಗಳಿಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಿಕ್ಕಿರಲಿಲ್ಲ. ಆಟಗಾರರು ಮೂರು ವಾರದಲ್ಲಿ ಕೊಟ್ಟ ಮಾದರಿಯಿಂದ ಅದು ಬಿಡಿಸಿತು. 2011ರಲ್ಲಿ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟವೂ ಆಯಿತು. ಅಲ್ಲಿ ಗೆದ್ದ ಮಾದರಿ ಒಬ್ಬರದಲ್ಲ. ಒಂದೇ ಗುಂಪಿನವರು ಒಬ್ಬರದನ್ನೊಬ್ಬರು ತಿದ್ದುತ್ತ ಹೋದದ್ದು. ನೀವೂ ಒಂಟಿಯಾಗಿ ಆಡುತ್ತಿದ್ದರೆ ಈ ವಾರವೇ ಒಂದು ಗುಂಪು ಸೇರಿ. ಕನ್ನಡಿಗರದೇ ಒಂದು ಗುಂಪು ಕಟ್ಟಿದರೂ ಆದೀತು!