ಕಾವಲಿನ ಕೂಲಿ

ಹಿಂಗಾರಿಯ ಜೋಳ ಕಣಕ್ಕೆ ಬಂದ ದಿನಗಳಲ್ಲಿ ಎರೆಯ ನಾಡಿನ ಇರುಳಿಗೆ ಒಂದು ವಿಶೇಷವಾದ ಎಚ್ಚರವಿರುತ್ತದೆ. ತೆನೆಯ ರಾಶಿಯ ಮಗ್ಗುಲಲ್ಲಿ ಕಂಬಳಿ ಹಾಸಿ ಮಲಗಿದ ರೈತನು ನಿದ್ರಿಸಿಯೂ ನಿದ್ರಿಸಿರುವುದಿಲ್ಲ. ನಾಯಿ ಬೊಗಳಿದ ದಿಕ್ಕಿಗೆ ಅವನ ಕಿವಿ ತಾನಾಗಿಯೇ ತಿರುಗುತ್ತದೆ. ಕೊಪ್ಪಳ ತಾಲ್ಲೂಕಿನ ಪಶ್ಚಿಮ ಭಾಗದಲ್ಲಿ, ಮುಂಡರಗಿಯ ಕಡೆಗೆ ಮುಖ ಮಾಡಿ ಕುಳಿತಿರುವ ಅಳವಂಡಿಯೂ ಅಂತಹ ಊರುಗಳಲ್ಲೊಂದು. ಅದು ಹೋಬಳಿಯ ಕೇಂದ್ರ. ಅಲ್ಲಿ ಪೋಲೀಸ್ ಠಾಣೆಯೂ ಇದೆ. ಆದರೆ ಠಾಣೆ ಒಂದು, ಅದರ ಸರಹದ್ದಿನ ಹಳ್ಳಿಗಳು ಹಲವು. ಇರುಳು ಮಾತ್ರ ಎಲ್ಲ ಹಳ್ಳಿಗಳಿಗೂ ಒಮ್ಮೆಗೇ ಬರುತ್ತದೆ.

ಆದುದರಿಂದ ಇಂತಹ ಊರುಗಳ ಕಟ್ಟೆಯ ಮೇಲೆ ಆಗಾಗ ಒಂದು ಮಾತು ಏಳುವುದು ಸಹಜ. ಮನೆಗಿಷ್ಟೆಂದು ವಂತಿಗೆ ಎತ್ತಿ, ಊರಿನವರೇ ಕಾವಲಿನವರನ್ನು ಏಕೆ ಇಡಬಾರದು? ಪಟ್ಟಣಗಳ ಬಡಾವಣೆಗಳಲ್ಲಿ ತಿಂಗಳ ಹಣ ತೆತ್ತು ಗೇಟಿನಲ್ಲಿ ಕಾವಲುಗಾರನನ್ನು ನಿಲ್ಲಿಸಿಕೊಂಡವರಿಲ್ಲವೆ? ಕೇಳಲು ಈ ಮಾತು ನ್ಯಾಯವಾಗಿಯೇ ಇದೆ. ಆದರೆ ಇದರ ಒಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಕೂಲಿ ಕೊಟ್ಟವನನ್ನು ಮಾತ್ರ ಕಾಯುವುದು ಕಾವಲೋ, ಕೊಡಲಾರದವನನ್ನೂ ಕಾಯುವುದು ಕಾವಲೋ?

ಈ ಪ್ರಶ್ನೆ ಇಂದು ನಿನ್ನೆಯದಲ್ಲ. ಕಳವಿಗೆ ಹೊಣೆ ಯಾರು ಎಂಬುದನ್ನು ಕೌಟಿಲ್ಯನ ಅರ್ಥಶಾಸ್ತ್ರವು ಬಹಳ ನಿಷ್ಠುರವಾಗಿ ಗೊತ್ತುಪಡಿಸಿದೆ. ಊರೊಳಗೆ ತಂಗಿದ ವರ್ತಕನ ಸರಕು ಕಳುವಾದರೆ ಊರೊಡೆಯನು ಅದನ್ನು ತುಂಬಿಕೊಡಬೇಕು. ಎರಡು ಊರುಗಳ ನಡುವಿನ ಬಯಲಿನಲ್ಲಿ ಕಳುವಾದರೆ ಆ ಬಯಲಿನ ಅಧಿಕಾರಿಯು ಕೊಡಬೇಕು. ಕಳ್ಳನು ಸಿಕ್ಕದಿದ್ದರೆ ನಷ್ಟವು ಕಳಕೊಂಡವನದಲ್ಲ, ಕಾಯಬೇಕಾಗಿದ್ದವನದು ಎಂಬುದು ಅದರ ತಾತ್ಪರ್ಯ. ಕಾವಲಿಗೆ ಅಧಿಕಾರವನ್ನೂ ಸಂಬಳವನ್ನೂ ಕೊಟ್ಟವರು ಅದರ ಕೊರಳಿಗೆ ಹೊಣೆಯನ್ನೂ ಕಟ್ಟಿದ್ದರು.

ಅಳವಂಡಿಗೆ ದೂರವೇನೂ ಅಲ್ಲದ ಆನೆಗೊಂದಿ–ಹಂಪೆಗಳ ಕಡೆಗೆ ನೋಡಿದರೂ ಇದೇ ನೀತಿ ಕಾಣುತ್ತದೆ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕನು ಪಟ್ಟಣದ ಕಾವಲಿನ ಕಚೇರಿಯನ್ನು ವರ್ಣಿಸಿದ್ದಾನೆ. ಅವನು ಕೇಳಿದಂತೆ ಅಲ್ಲಿದ್ದ ಕಾವಲಿನವರು 12,000 ಮಂದಿ. ಅವರ ದಿನದ ಸಂಬಳ 12,000 ಪಣ. ಆ ಹಣ ಬರುತ್ತಿದ್ದುದು ವೇಶ್ಯಾವಾಟಿಕೆಯ ತೆರಿಗೆಯಿಂದ! ಗೃಹಸ್ಥನ ನಿದ್ರೆಗೆ ಬೆಲೆ ತೆತ್ತವರು ಯಾರು ಎಂಬುದನ್ನು ಓದಿದಾಗ ನಗುವೂ ಬರುತ್ತದೆ, ನಾಚಿಕೆಯೂ ಆಗುತ್ತದೆ. ಸುಮಾರು ಒಂದು ಶತಮಾನದ ಅನಂತರ ಪೋರ್ಚುಗೀಸ್ ವರ್ತಕ ನೂನಿಜ್ ಬರೆದಿಟ್ಟ ಮಾತು ಇನ್ನೂ ಸ್ವಾರಸ್ಯವಾದುದು. ರಾಜಧಾನಿಯಲ್ಲಿ ನಡೆದ ಕಳವುಗಳಿಗೆ ಕಾವಲಿನ ಮುಖ್ಯಸ್ಥನೇ ಲೆಕ್ಕ ಒಪ್ಪಿಸಬೇಕಾಗಿದ್ದುದರಿಂದ ಅಲ್ಲಿ ಕಳವು ಅಪರೂಪವಾಗಿತ್ತಂತೆ. ಕಳಕೊಂಡವನು ಒಂದಿಷ್ಟು ಕಾಣಿಕೆಯಿತ್ತು ಕಳ್ಳನ ಚಹರೆ ಹೇಳಿದರೆ, ಅವನು ಪಟ್ಟಣದೊಳಗಿರುವನೋ ಇಲ್ಲವೋ ಎಂಬುದನ್ನು ಮಾಂತ್ರಿಕರ ಬಲದಿಂದ ತಿಳಿದು ಹೇಳುತ್ತಿದ್ದರೆಂದೂ ಅವನು ಬರೆದಿದ್ದಾನೆ. ಮಂತ್ರದ ಮಾತು ಹಾಗಿರಲಿ. ಆ ಕಾವಲನ್ನು ಎಚ್ಚರವಾಗಿಟ್ಟುದು ಮಂತ್ರವಲ್ಲ, ಲೆಕ್ಕ ಒಪ್ಪಿಸಬೇಕಾದ ಭಯ.

ಹಳ್ಳಿಗಳಲ್ಲಿ ಈ ಹೊಣೆ ತಳವಾರನದಾಗಿತ್ತು. ಶಾಸನಗಳ ‘ತಳಾರ’ನೇ ಈ ತಳವಾರ. ವಿಜಯನಗರ ಕಾಲದ ಶಾಸನಗಳಲ್ಲಿ ‘ತಳವಾರಿಕೆ’ಯೆಂಬ ತೆರಿಗೆಯ ಹೆಸರೇ ಬರುತ್ತದೆ, ಎಂದರೆ ಊರಿನವರು ಕಾವಲಿಗಾಗಿ ಹಣ ತೆರುವ ಪದ್ಧತಿಯು ಈ ನೆಲಕ್ಕೆ ಅಪರಿಚಿತವಲ್ಲ. ಇಂಗ್ಲೆಂಡಿನ ಪಾರ್ಲಿಮೆಂಟಿಗೆ 1812ರಲ್ಲಿ ಸಲ್ಲಿಸಲಾದ ಪ್ರಸಿದ್ಧವಾದ ‘ಐದನೆಯ ವರದಿ’ಯು ದಕ್ಷಿಣದ ಹಳ್ಳಿಯ ಆಯಗಾರರನ್ನು ಹೆಸರಿಸುವಾಗ ತಳವಾರ, ತೋಟಿ ಇಬ್ಬರನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಅಪರಾಧಗಳ ಸುಳಿವು ಹಿಡಿಯುವುದು, ಒಂದೂರಿನಿಂದ ಇನ್ನೊಂದೂರಿಗೆ ಹೋಗುವ ಪ್ರಯಾಣಿಕರಿಗೆ ಬೆಂಗಾವಲಾಗುವುದು ತಳವಾರನ ಕೆಲಸ. ಬೆಳೆ ಕಾಯುವುದು, ಅಳತೆಗೆ ನೆರವಾಗುವುದು ತೋಟಿಯ ಕೆಲಸ. ಇವರಿಗೆ ಸುಗ್ಗಿಯಲ್ಲಿ ಕಣದಿಂದ ಆಯ, ಜೊತೆಗೆ ಇನಾಮಿನ ತುಂಡು ಹೊಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಸೀಮೆಯಲ್ಲಿ ಇದೇ ಬಗೆಯ ಸೇವೆಗೆ ಭೂಮಿ ಪಡೆದವರನ್ನು ಸನದಿಗಳೆಂದು ಕರೆಯುತ್ತಿದ್ದರು.

ಈ ಏರ್ಪಾಟಿನಲ್ಲಿ ಒಂದು ಗುಣವಿತ್ತು. ತಳವಾರನಿಗೆ ಊರಿನ ಪ್ರತಿಯೊಂದು ಮುಖವೂ ಗೊತ್ತು. ಯಾವ ಮನೆಗೆ ಯಾವ ನೆಂಟರು ಬಂದರು, ಯಾವ ಎತ್ತು ಯಾರ ಕೊಟ್ಟಿಗೆಯದು ಎಂಬುದು ಅವನ ನಾಲಗೆಯ ತುದಿಯಲ್ಲಿತ್ತು. ದೋಷವೂ ಇತ್ತು. ಅವನ ಸೇವೆ ಹುಟ್ಟಿನಿಂದ ಬಂದುದು. ಅವನು ಊರನ್ನು ಕಾಯುತ್ತಿದ್ದನು, ಊರು ಅವನನ್ನು ಹೊಸ್ತಿಲಿನಿಂದ ಆಚೆಗೇ ನಿಲ್ಲಿಸುತ್ತಿತ್ತು. ಕಣದ ಮೂಲೆಯಲ್ಲಿ ನಿಂತು ಆಯಕ್ಕಾಗಿ ಸೆರಗೊಡ್ಡುವವನು ದೊಡ್ಡ ಮನೆಯವರ ತಪ್ಪನ್ನು ಎತ್ತಿ ಆಡುವುದು ಹೇಗೆ ಸಾಧ್ಯ?

ಕೂಲಿಯ ಕಾವಲು ಕೆಟ್ಟರೆ ಏನಾಗುತ್ತದೆಂಬುದಕ್ಕೆ ನೆರೆಯ ತಮಿಳುನಾಡಿನ ಇತಿಹಾಸವೇ ಸಾಕ್ಷಿ. ಮಧುರೆಯ ಕಡೆ ಕಾವಲುಗಾರರಿಗೆ ಊರಿನವರು ವರ್ಷವರ್ಷ ಹಣ ಧಾನ್ಯಗಳನ್ನು ಕೊಡುತ್ತಿದ್ದರು. ಕ್ರಮೇಣ ಅದು, ಕೊಟ್ಟವರ ದನ ಉಳಿಯುವ, ಕೊಡದವರ ದನ ಮಾಯವಾಗುವ ವ್ಯಾಪಾರವಾಯಿತು. ಮಾಯವಾದ ದನವನ್ನು ಮರಳಿ ತರಿಸಲು ‘ತುಪ್ಪುಕೂಲಿ’ಯೆಂಬ ಬೇರೆ ದರವೇ ಇತ್ತು. ಬೇಸತ್ತ ರೈತರು 1896ರಲ್ಲಿ ದಿಂಡುಗಲ್ಲಿನ ಸುತ್ತಮುತ್ತ ಆ ಕಾವಲಿನ ವಿರುದ್ಧವೇ ಎದ್ದು ನಿಂತರು. ಬೇಲಿಯೇ ಎದ್ದು ಹೊಲ ಮೇಯ್ದರೆ ಎಂಬ ಗಾದೆ ಹುಟ್ಟಿದುದು ಸುಮ್ಮನೆ ಅಲ್ಲ.

ಬ್ರಿಟಿಷ್ ಸರಕಾರವು ಇದನ್ನೇ ಬೇರೊಂದು ರೀತಿಯಲ್ಲಿ ನಡೆಸಿತು. 1861ರ ಪೋಲೀಸ್ ಕಾಯಿದೆಯಲ್ಲಿ ಎರಡು ಕಲಮುಗಳಿವೆ. 13ನೆಯ ಕಲಮಿನ ಪ್ರಕಾರ ಖಾಸಗಿಯವರು ತಮ್ಮ ಖರ್ಚಿನಲ್ಲಿ ಹೆಚ್ಚಿನ ಪೋಲೀಸರನ್ನು ಬೇಡಬಹುದಾಗಿತ್ತು. ಬೇಡವಾದಾಗ ಒಂದು ತಿಂಗಳ ನೋಟೀಸು ಕೊಟ್ಟು ಹಿಂದಕ್ಕೆ ಕಳುಹಿಸಬಹುದಾಗಿತ್ತು. ಆದರೆ ಆ ಪೋಲೀಸರು ಜಿಲ್ಲಾ ಸೂಪರಿಂಟೆಂಡೆಂಟರ ಆಜ್ಞೆಗೆ ಮಾತ್ರ ಒಳಪಟ್ಟವರು. ಎಂದರೆ ಹಣ ಕೊಟ್ಟವನಿಗೆ ಕಾವಲು ದೊರೆಯುವುದು, ಕಾವಲಿನ ಮೇಲೆ ದರ್ಪ ದೊರೆಯುವುದಿಲ್ಲ. ಇದು ವಿವೇಕದ ಮಾತು. 15ನೆಯ ಕಲಮು ಇದಕ್ಕೆ ತದ್ವಿರುದ್ಧ. ಗಲಭೆಯೆದ್ದ ಪ್ರದೇಶದಲ್ಲಿ ಹೆಚ್ಚಿನ ಪೋಲೀಸರನ್ನು ಇರಿಸಿ, ಅವರ ಖರ್ಚನ್ನು ಅಲ್ಲಿಯ ನಿವಾಸಿಗಳಿಂದಲೇ ವಸೂಲು ಮಾಡಲು ಅದು ಅವಕಾಶವಿತ್ತಿತು. ಇಂತಹ ದಂಡದ ತೆರಿಗೆಯನ್ನೇ ಜನರು ಪುಂಡುಗಂದಾಯವೆಂದು ಕರೆದರು. ತನ್ನ ಮನೆಯ ಬಾಗಿಲಿಗೆ ನಿಂತ ಲಾಠಿಗೆ ತಾನೇ ಸಂಬಳ ಕೊಡುವುದೆಂದರೆ ಇದೇ. ಒಂದೇ ಕಾಯಿದೆ, ಒಂದೇ ಹಣ, ಒಂದೇ ಸಮವಸ್ತ್ರ. ಜನರ ಒಪ್ಪಿಗೆ ಇದ್ದಾಗ ಅದು ಕಾವಲು, ಇಲ್ಲದಾಗ ಅದು ದಂಡ.

ಅಳವಂಡಿಯ ಸೀಮೆ ಬ್ರಿಟಿಷರ ಆಳ್ವಿಕೆಯಲ್ಲಿರಲಿಲ್ಲ. ಅದು ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗರ ಜಹಗೀರಾಗಿದ್ದವು. 1947ರ ಆಗಸ್ಟ್ 15ರಂದು ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮನು ಭಾರತವನ್ನು ಸೇರಲಿಲ್ಲ. ಕಾಸಿಂ ರಜವಿಯ ರಜಾಕಾರರ ಹಾವಳಿ ಹಳ್ಳಿಹಳ್ಳಿಗೂ ಹಬ್ಬಿತು. ಆಗ ಇಲ್ಲಿಯ ಜನಕ್ಕೆ ಎದುರಾದ ಪ್ರಶ್ನೆ, ಪೋಲೀಸರು ಸಾಲದು ಎಂಬುದಾಗಿರಲಿಲ್ಲ. ಕಾಯಬೇಕಾದ ಸರಕಾರವೇ ಕಾಯದಿದ್ದಾಗ ಯಾರ ಬಾಗಿಲು ಬಡಿಯಬೇಕು ಎಂಬುದಾಗಿತ್ತು. ಅಂತಹ ಹೊತ್ತಿನಲ್ಲಿ ಇದೇ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಧರಿಸಿದ ಅಳವಂಡಿ ಶಿವಮೂರ್ತಿಸ್ವಾಮಿಯವರು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಹೂಡಿ ತರುಣರನ್ನು ಕೂಡಿಸಿದರು. ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರವಿತ್ತು. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸಂಸ್ಥಾನವನ್ನು ಪ್ರವೇಶಿಸಿತು. 17ರಂದು ನಿಜಾಮನು ಶರಣಾದನು. ಅಲ್ಲಿಯವರೆಗೆ ಈ ಗಡಿನಾಡಿನ ಎಷ್ಟೋ ಹಳ್ಳಿಗಳಿಗೆ ಧೈರ್ಯ ತಂದುಕೊಟ್ಟುದು ಈ ಶಿಬಿರಗಳೇ.

ಗಮನಿಸಬೇಕಾದುದು ಮುಂದಿನ ಮಾತು. ಅಪಾಯ ಕಳೆದ ಮೇಲೆ ಶಿಬಿರದ ನಾಯಕರು ಊರಿನ ಕಾವಲನ್ನು ತಮ್ಮ ಆಸ್ತಿಯೆಂದು ಹಿಡಿದು ಕೂಡಲಿಲ್ಲ. ಶಿವಮೂರ್ತಿಸ್ವಾಮಿಯವರು 1952ರಲ್ಲಿ ಕುಷ್ಟಗಿಯಿಂದಲೂ 1962ರಲ್ಲಿ ಕೊಪ್ಪಳದಿಂದಲೂ ಲೋಕಸಭೆಗೆ ಆರಿಸಿಬಂದು, ಬೇಕಾದುದನ್ನು ಶಾಸನಸಭೆಯಲ್ಲಿ ನಿಂತು ಕೇಳುವ ದಾರಿ ಹಿಡಿದರು. ಜನ ತಾವೇ ಎತ್ತಿಕೊಂಡ ಕಾವಲನ್ನು ಕಾನೂನಿನ ಕೈಗೆ ಒಪ್ಪಿಸುವುದು ಎತ್ತಿಕೊಳ್ಳುವಷ್ಟೇ ದೊಡ್ಡ ಕೆಲಸ.

ಇಂಗ್ಲೆಂಡಿನಲ್ಲಿಯೂ ಇಂತಹುದೊಂದು ನಡೆದಿತ್ತು. ಥೇಮ್ಸ್ ನದಿಯ ಹಡಗುಗಳಲ್ಲಿ ಕಳವು ಮಿತಿಮೀರಿದಾಗ, 1798ರಲ್ಲಿ ವೆಸ್ಟ್ ಇಂಡೀಸಿನ ವರ್ತಕರು ಬಹುಪಾಲು ಹಣ ಕೊಟ್ಟು ನದಿಯ ಪೋಲೀಸ್ ದಳವನ್ನು ಕಟ್ಟಿಸಿದರು. ಅದು ಫಲ ಕೊಟ್ಟಿತು. 1800ರಲ್ಲಿ ಸರಕಾರವೇ ಅದನ್ನು ವಹಿಸಿಕೊಂಡಿತು. ಖಾಸಗಿಯ ವಂತಿಗೆ ದಾರಿ ತೋರಿಸಬಹುದು. ಕೊನೆಯವರೆಗೆ ನಡೆಯಬೇಕಾದುದು ಸಾರ್ವಜನಿಕ ಬೊಕ್ಕಸ.

ನಮ್ಮ ನಾಡಿನಲ್ಲಿ ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು ರದ್ದುಮಾಡಿದ 1961ರ ಕಾಯಿದೆಯು 1963ರಲ್ಲಿ ಜಾರಿಗೆ ಬಂದಿತು. ಗೌಡಿಕೆ, ಶ್ಯಾನುಭೋಗಿಕೆಗಳ ಜೊತೆಗೆ ತಳವಾರಿಕೆಯೂ ಮುಗಿಯಿತು. ಉಳಿದುದು ಎಷ್ಟೋ ಮನೆತನಗಳ ಅಡ್ಡಹೆಸರು. ಮರುವರ್ಷವೇ, 1964ರಲ್ಲಿ, ಗ್ರಾಮರಕ್ಷಣಾ ದಳಗಳ ಕಾಯಿದೆ ಬಂದಿತು. ಹಳ್ಳಿಯವರೇ ಸ್ವಂತ ಇಚ್ಛೆಯಿಂದ ಸೇರಿ, ಪೋಲೀಸರ ಮೇಲ್ವಿಚಾರಣೆಯಲ್ಲಿ ಗಸ್ತು ತಿರುಗುವುದು ಅದರ ಉದ್ದೇಶ. 2017ರಲ್ಲಿ ಕರ್ನಾಟಕದ ಪೋಲೀಸರು ಗಸ್ತಿನ ಪದ್ಧತಿಯನ್ನು ಸುಧಾರಿಸಿ, ಒಂದೊಂದು ಪ್ರದೇಶವನ್ನು ಒಬ್ಬೊಬ್ಬ ಪೇದೆಗೆ ಒಪ್ಪಿಸಿ, ಅಲ್ಲಿಯ ನಾಗರಿಕರನ್ನೂ ಜೊತೆಗೂಡಿಸುವ ಕ್ರಮವನ್ನು ತಂದರು. 2025ರಲ್ಲಿ ‘ಮನೆ ಮನೆಗೆ ಪೋಲೀಸ್’ ಎಂಬ ಯೋಜನೆ ಆರಂಭವಾಯಿತು. ಕಾನೂನಿನ ಕಪಾಟಿನಲ್ಲಿ ಬಡತನವಿಲ್ಲ. ಕಪಾಟಿನ ಕೀಲಿ ಊರಿನವರಿಗೆ ಗೊತ್ತಿರಬೇಕು, ಅಷ್ಟೆ.

ಈಗ ಕಟ್ಟೆಯ ಮೇಲಿನ ಸಭೆಗೆ ಮರಳಬಹುದು. ಒಂದು ಸಂಜೆ ಹಿರಿಯರು ಕೂಡಿದ್ದಾರೆಂದು ಭಾವಿಸೋಣ. ಮನೆಗೆ ಇಷ್ಟು ರೂಪಾಯಿ ಎಂದು ಪಟ್ಟಿ ಬರೆಯಲಾಗುತ್ತಿದೆ. ಪಂಪುಸೆಟ್ಟು ಉಳ್ಳವರು, ಅಂಗಡಿ ಉಳ್ಳವರು ಸಂತೋಷದಿಂದ ಬರೆಸುತ್ತಾರೆ. ಆಗ ಕೊನೆಯ ಓಣಿಯ ಹೆಣ್ಣುಮಗಳೊಬ್ಬಳು ಸೆರಗು ಹೊದ್ದು ಮುಂದೆ ಬಂದು ಕೇಳುತ್ತಾಳೆ:

“ಯಪ್ಪಾ, ನಾವು ಮನೀಗಿ ಕೀಲಿ ಹಾಕಿ ಗುಳೇ ಹೊಂಟೀವಿ. ರೊಕ್ಕಾ ಕೊಡಾಕ ಕೈಯಾಗ ಇಲ್ಲ. ನಮ್ಮ ಓಣಿಗಿ ಕಾವಲ ಬರತೈತೋ ಇಲ್ಲೋ?”

ಸಭೆಯ ಪರೀಕ್ಷೆ ಇರುವುದು ಈ ಒಂದು ಮಾತಿನಲ್ಲಿ. ಮಳೆ ಕೈಕೊಟ್ಟ ವರ್ಷ ಈ ಸೀಮೆಯಿಂದ ದೂರದ ಊರುಗಳಿಗೆ ದುಡಿಯಲು ಹೋಗುವವರ ಮನೆಗಳು ತಿಂಗಳುಗಟ್ಟಲೆ ಬೀಗ ಹಾಕಿಕೊಂಡಿರುತ್ತವೆ. ಆ ಬೀಗದ ಹಿಂದೆ ಇರುವುದು ನಾಲ್ಕು ಹಿತ್ತಾಳೆಯ ಪಾತ್ರೆ, ಒಂದು ಟ್ರಂಕು, ಮಗಳ ಮದುವೆಗೆಂದು ಕೂಡಿಟ್ಟ ಸ್ವಲ್ಪ ಬೆಳ್ಳಿ. ದೊಡ್ಡ ಮನೆಯಲ್ಲಿ ಕಳವಾದರೆ ಮುಂದಿನ ಸುಗ್ಗಿಯಲ್ಲಿ ತುಂಬಿಬರುತ್ತದೆ. ಇಲ್ಲಿ ಕಳವಾದರೆ ಒಂದು ಮದುವೆ ನಿಲ್ಲುತ್ತದೆ. ಕಾವಲಿನ ಅಗತ್ಯ ಎಲ್ಲಿ ಹೆಚ್ಚೋ ಅಲ್ಲಿಯೇ ವಂತಿಗೆ ಕಡಿಮೆ. ಆದುದರಿಂದ ವಂತಿಗೆಯ ಪಟ್ಟಿಯೇ ಕಾವಲಿನ ನಕ್ಷೆಯಾಗಬಾರದು.

ಇನ್ನೊಂದು ಎಚ್ಚರವೂ ಅವಶ್ಯ. 2018ರ ಜುಲೈ ತಿಂಗಳಿನಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ಸುಳ್ಳು ಸುದ್ದಿಯನ್ನು ನಂಬಿದ ಗುಂಪು ಪರಊರಿನವರನ್ನು ಹೊಡೆಯಿತು. ಒಬ್ಬ ತರುಣನು ಪ್ರಾಣ ಬಿಟ್ಟನು. ಹೊಡೆದವರಲ್ಲಿ ಎಷ್ಟೋ ಮಂದಿ ತಾವು ಊರನ್ನು ಕಾಯುತ್ತಿದ್ದೇವೆಂದೇ ತಿಳಿದಿದ್ದಿರಬೇಕು. ಪ್ರಯಾಣಿಕನಿಗೆ ಬೆಂಗಾವಲಾಗುವುದು ಹಳೆಯ ತಳವಾರನ ಧರ್ಮವಾಗಿತ್ತು. ಅಪರಿಚಿತನನ್ನು ಕಂಡೊಡನೆ ಕೈಯೆತ್ತುವುದನ್ನು ಕಾವಲೆಂದು ಕರೆದರೆ ಆ ಬಡ ತಳವಾರನಿಗೇ ಅವಮಾನ.

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಹಣದ ಕೆಲಸಕ್ಕಿಂತ ಸಣ್ಣ ಶ್ರದ್ಧೆಯ ಕೆಲಸಗಳೇ ಹೆಚ್ಚು. ಬೀದಿದೀಪವು ಕೊನೆಯ ಓಣಿಯಿಂದ ಮೊದಲಾಗಿ ಉರಿಯಲಿ. ಗುಳೆ ಹೋಗುವವರು, ಜಾತ್ರೆಗೆ ಹೋಗುವವರು ಠಾಣೆಯಲ್ಲಿ ಹೆಸರು ಬರೆಸಿ ಹೋಗುವ ರೂಢಿ ಬೆಳೆಯಲಿ. ತಮ್ಮ ಊರಿನ ಗಸ್ತಿನ ಪೇದೆ ಯಾರೆಂಬುದನ್ನೂ 112 ಎಂಬ ಸಂಖ್ಯೆಯನ್ನೂ ಮನೆಯ ಹೆಂಗಸರೂ ಮಕ್ಕಳೂ ತಿಳಿದಿರಲಿ. ತರುಣರು ಗಸ್ತು ತಿರುಗುವುದಾದರೆ ಠಾಣೆಗೆ ತಿಳಿಸಿ, ಪಾಳಿಯ ಪ್ರಕಾರ ತಿರುಗಲಿ; ಅವರ ಕೈಯಲ್ಲಿ ದೀಪವಿರಲಿ, ತೀರ್ಪು ಬೇಡ. ಹಣ ಎತ್ತುವುದಾದರೆ ಅದು ಗ್ರಾಮಪಂಚಾಯತಿಯ ಲೆಕ್ಕದಲ್ಲಿ ಬಂದು, ಪೈಸೆ ಪೈಸೆಯ ವಿವರ ಚಾವಡಿಯ ಗೋಡೆಯ ಮೇಲೆ ತೂಗಲಿ. ಕೊಟ್ಟವನಿಗೂ ಕೊಡದವನಿಗೂ ಗಸ್ತಿನ ಹೆಜ್ಜೆ ಒಂದೇ ಎಂಬುದು ಮೊದಲ ಸಾಲಿನಲ್ಲಿಯೇ ಬರೆದಿರಲಿ.

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಯ ಬಾಗಿಲು ಹಾಕುವವರು ಲೋಕದಲ್ಲಿ ಬಹಳ. ದೊಡ್ಡ ಬಾಗಿಲಿಗೆ ಕಾವಲಿಟ್ಟು ದಿಡ್ಡಿಯನ್ನು ಮರೆಯುವವರು ಇನ್ನೂ ಬಹಳ. ಊರಿಗೆ ಕೊನೆಯ ಓಣಿಯೇ ದಿಡ್ಡಿ. ಕೀಲಿ ಹಾಕಿ ಗುಳೆ ಹೋದ ಆ ತಾಯಿ ಮುಂಗಾರಿನ ಹೊತ್ತಿಗೆ ಮರಳಿ ಬಂದು, ಬೀಗ ತೆರೆದು, ಟ್ರಂಕಿನ ತಳವನ್ನು ತಡವಿ ನೋಡಿದಾಗ ಬೆಳ್ಳಿ ಇದ್ದಲ್ಲೇ ಇದ್ದರೆ, ಆ ಊರಿನಲ್ಲಿ ಕಾವಲಿದೆ ಎಂದರ್ಥ. ಅದಕ್ಕೆ ಯಾರೆಷ್ಟು ಕೂಲಿ ಕೊಟ್ಟರೆಂಬುದು ಆಮೇಲಿನ ಮಾತು.