ಶ್ರದ್ಧೆ, ಹೃದಯವಂತಿಕೆ ಮತ್ತು ನಾಯಕತ್ವ

ನಾಯಕತ್ವವನ್ನು ಕುರಿತ ತರಬೇತಿ ಶಿಬಿರಗಳು ಇಂದು ಸರಕಾರಿ ಕಚೇರಿಗಳಲ್ಲಿ ವಾಡಿಕೆಯಾಗಿವೆ. ‘ಭಾವನಾತ್ಮಕ ಬುದ್ಧಿಮತ್ತೆ’ ಎಂಬ ಮಾತು ಅಲ್ಲಿ ಪದೇ ಪದೇ ಕೇಳಿಬರುತ್ತದೆ. ಪೀಟರ್ ಸಲೋವೆ ಮತ್ತು ಜಾನ್ ಮೇಯರ್ ಎಂಬ ಮನೋವಿಜ್ಞಾನಿಗಳು 1990ರಲ್ಲಿ ಈ ಪರಿಕಲ್ಪನೆಯನ್ನು ಶಾಸ್ತ್ರೀಯವಾಗಿ ಮಂಡಿಸಿದರು. 1995ರಲ್ಲಿ ಪ್ರಕಟವಾದ ಡೇನಿಯಲ್ ಗೋಲ್ಮನ್ ಅವರ ಗ್ರಂಥ ಅದನ್ನು ಜನಪ್ರಿಯಗೊಳಿಸಿತು. ತನ್ನ ಭಾವನೆಗಳನ್ನು ತಾನೇ ಅರಿಯುವುದು, ಅವನ್ನು ಹದದಲ್ಲಿಡುವುದು, ಎದುರಿನವರ ಅಂತರಂಗವನ್ನು ಗ್ರಹಿಸಿ ಅದಕ್ಕೆ ತಕ್ಕಂತೆ ನಡೆದುಕೊಳ್ಳುವುದು - ಸ್ಥೂಲವಾಗಿ ಇದು ಅದರ ತಿರುಳು. ಆದರೆ ನಾನು ಭಾಗವಹಿಸಿದ ಯಾವ ಶಿಬಿರದಲ್ಲಿಯೂ ದೈವಶ್ರದ್ಧೆಯ ಪ್ರಸ್ತಾಪ ಬಂದದ್ದಿಲ್ಲ. ಅಧಿಕಾರದ ಕುರ್ಚಿಯಲ್ಲಿ ಕುಳಿತ ಎಷ್ಟೋ ಜನ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿಯೇ ಕಚೇರಿಗೆ ಬರುವ ಈ ದೇಶದಲ್ಲಿ, ಆ ಶ್ರದ್ಧೆಗೂ ಅವರ ಆಡಳಿತಕ್ಕೂ ಏನು ಸಂಬಂಧ ಎಂಬ ಪ್ರಶ್ನೆಯನ್ನು ನಾವು ಕೇಳದೆ ಬಿಡುವುದು ಸರಿಯೆ?

ಈ ಪ್ರಶ್ನೆಯನ್ನು ಚರ್ಚಿಸಲು ನನಗೆ ಚಾಂದವಡ್‌ಗಿಂತ ಉಚಿತವಾದ ಸ್ಥಳ ತೋರುವುದಿಲ್ಲ. ನಾಸಿಕದಿಂದ ಸುಮಾರು 65 ಕಿ.ಮೀ. ದೂರದಲ್ಲಿ, ಮುಂಬಯಿ-ಆಗ್ರಾ ಹೆದ್ದಾರಿಯ ಮೇಲಿರುವ ಈ ಊರು ಕನ್ನಡಿಗರಿಗೆ ಪರಕೀಯವೇನೂ ಅಲ್ಲ. ಸೇವುಣ ವಂಶದ ಮೂಲಪುರುಷ ದೃಢಪ್ರಹಾರನ ಚಂದ್ರಾದಿತ್ಯಪುರ ಇದೇ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಆ ವಂಶದವರು ಮೊದಲು ರಾಷ್ಟ್ರಕೂಟರ, ಅನಂತರ ಕಲ್ಯಾಣದ ಚಾಲುಕ್ಯರ ಮಾಂಡಲಿಕರಾಗಿದ್ದರು. ಅವರ ಅನೇಕ ಶಾಸನಗಳು ಕನ್ನಡದಲ್ಲಿವೆ. ಊರ ಬಳಿಯ ಬೆಟ್ಟದಲ್ಲಿ ರೇಣುಕಾದೇವಿಯ ಗುಡಿಯಿದೆ. ಸವದತ್ತಿಯ ಎಲ್ಲಮ್ಮನನ್ನು ಮನೆದೇವರಾಗಿ ಉಳ್ಳ ನನ್ನ ಪತ್ನಿಗೆ ಅಲ್ಲಿ ಕೈಮುಗಿಯುವಾಗ ತಾನು ಹೊರನಾಡಿನಲ್ಲಿದ್ದೇನೆಂಬ ಭಾವನೆಯೇ ಬರಲಿಲ್ಲ. ಆ ಗುಡಿಯನ್ನು ಜೀರ್ಣೋದ್ಧಾರ ಮಾಡಿಸಿದವಳು ಅಹಲ್ಯಾಬಾಯಿ ಹೋಳ್ಕರ್. ಊರೊಳಗಿನ ರಂಗಮಹಲು, ಅಂದರೆ ಹೋಳ್ಕರರ ಮರಗೆತ್ತನೆಯ ವಾಡೆ, ಇಂದಿಗೂ ಅವಳ ಹೆಸರನ್ನೇ ನೆನಪಿಸುತ್ತದೆ.

1725ರಲ್ಲಿ ಚೌಂಡಿ ಗ್ರಾಮದಲ್ಲಿ ಹುಟ್ಟಿದ ಅಹಲ್ಯಾಬಾಯಿಯ ಮುನ್ನೂರನೆಯ ಜಯಂತಿ 2025ರಲ್ಲಿ ಸಂಭ್ರಮದಿಂದ ಜರುಗಿತು. ಕಾಶಿಯ ವಿಶ್ವನಾಥ, ಸೋಮನಾಥ, ಛತ್ರಪತಿ ಸಂಭಾಜಿನಗರದ ಬಳಿಯ ವೇರೂಳಿನ ಘೃಷ್ಣೇಶ್ವರ ಮೊದಲಾದ ಕ್ಷೇತ್ರಗಳಲ್ಲಿ ಅವಳು ಮಾಡಿಸಿದ ಕಾರ್ಯಗಳ ಪಟ್ಟಿ ವೇದಿಕೆಗಳಲ್ಲಿ ಮೊಳಗಿತು. ಆ ಪಟ್ಟಿ ನಿಜವಾದುದೇ. ಆದರೆ ದೇಗುಲಗಳನ್ನು ಕಟ್ಟಿಸಿದ ಅರಸರು ನಮ್ಮಲ್ಲಿ ನೂರಾರು ಮಂದಿ ಇದ್ದಾರೆ. ಅವರಲ್ಲಿ ಅನೇಕರ ಆಳ್ವಿಕೆಯನ್ನು ಜನ ಮರೆತಿದ್ದಾರೆ. ಅಹಲ್ಯಾಬಾಯಿಯ ಆಳ್ವಿಕೆಯನ್ನು ಮರೆತಿಲ್ಲ. ಇದರ ಕಾರಣವನ್ನು ಗುಡಿಯ ಗೋಪುರದಲ್ಲಿ ಹುಡುಕಿದರೆ ಸಿಗದು. ಅವಳ ದರ್ಬಾರಿನಲ್ಲಿ ಹುಡುಕಬೇಕು.

ಅವಳ ಬದುಕು ಸಾವುಗಳ ಸರಮಾಲೆ. 1754ರಲ್ಲಿ, ಅವಳ ಇಪ್ಪತ್ತೆಂಟರ ಪ್ರಾಯದಲ್ಲಿ, ಕುಂಭೇರದ ಮುತ್ತಿಗೆಯಲ್ಲಿ ಪತಿ ಖಂಡೇರಾಯ ಮಡಿದ. ಸಹಗಮನಕ್ಕೆ ಸಿದ್ಧಳಾದ ಸೊಸೆಯನ್ನು ಮಾವ ಮಲ್ಹಾರರಾಯ ತಡೆದ. 1766ರಲ್ಲಿ ಆ ಮಾವ, 1767ರಲ್ಲಿ ಒಬ್ಬನೇ ಮಗ ಮಾಲೇರಾಯ ತೀರಿಕೊಂಡರು. ಅನಂತರ 28 ವರ್ಷ, 1795ರಲ್ಲಿ ಕೊನೆಯುಸಿರೆಳೆಯುವವರೆಗೆ, ಅವಳು ಮಹೇಶ್ವರದಿಂದ ರಾಜ್ಯವಾಳಿದಳು. ಕಂಪನಿ ಸರಕಾರದ ಅಧಿಕಾರಿ ಜಾನ್ ಮಾಲ್ಕಮ್ ಅವಳ ಮರಣಾನಂತರ ಮಾಳವದಲ್ಲಿ ವಿಚಾರಣೆ ನಡೆಸಿ, 1823ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವಳ ದಿನಚರಿಯನ್ನು ದಾಖಲಿಸಿದ್ದಾನೆ. ಮುಂಜಾನೆ ಪೂಜೆ, ಪುರಾಣಶ್ರವಣ, ದಾನ, ಮಧ್ಯಾಹ್ನದಿಂದ ಸಂಜೆಯವರೆಗೆ ಬಹಿರಂಗ ದರ್ಬಾರು, ಮತ್ತೆ ಪೂಜೆ, ಅದಾದ ಮೇಲೆ ರಾತ್ರಿ ಒಂಬತ್ತರಿಂದ ಹನ್ನೊಂದರವರೆಗೆ ಪುನಃ ರಾಜ್ಯಕಾರ್ಯ. ದೂರು ತಂದವರ ಅಹವಾಲನ್ನು ಅವಳು ತಾನೇ ಕೇಳುತ್ತಿದ್ದಳು. ತಾನು ಚಲಾಯಿಸುವ ಅಧಿಕಾರದ ಪ್ರತಿಯೊಂದು ಅಂಶಕ್ಕೂ ದೇವರಿಗೆ ಲೆಕ್ಕ ಒಪ್ಪಿಸಬೇಕಾದವಳು ಎಂಬುದು ಅವಳ ನಂಬಿಕೆಯಾಗಿತ್ತೆಂದು ಮಾಲ್ಕಮ್ ಹೇಳುತ್ತಾನೆ.

ಇಲ್ಲಿಯೇ ನನ್ನ ವಾದದ ಕೇಂದ್ರವಿದೆ. ಶ್ರದ್ಧೆಯು ಅಧಿಕಾರಸ್ಥನಲ್ಲಿ ಎರಡು ಬಗೆಯಾಗಿ ಕೆಲಸ ಮಾಡಬಲ್ಲುದು. ‘ದೇವರು ನನ್ನ ಕಡೆಗಿದ್ದಾನೆ’ ಎಂಬ ನಂಬಿಕೆ ಕಿವಿಯನ್ನು ಮುಚ್ಚುತ್ತದೆ. ‘ದೇವರು ನನ್ನನ್ನು ಕೇಳುತ್ತಾನೆ’ ಎಂಬ ನಂಬಿಕೆ ಕಿವಿಯನ್ನು ತೆರೆಯುತ್ತದೆ. ನನ್ನ ಸೇವಾವಧಿಯಲ್ಲಿ ನಾನಿದ್ದ ಒಂದು ಕಚೇರಿಯ ಹಿರಿಯ ಅಧಿಕಾರಿಯೊಬ್ಬರು ತಮ್ಮ ಕೊಠಡಿಯಲ್ಲಿ ಪೂಜೆ ಮುಗಿಯುವವರೆಗೆ ಯಾವ ಕಡತಕ್ಕೂ ಸಹಿ ಹಾಕುತ್ತಿರಲಿಲ್ಲ. ಮಗಳ ಶಸ್ತ್ರಚಿಕಿತ್ಸೆಗೆ ರಜೆ ಕೇಳಲು ಬಂದ ಜವಾನನೊಬ್ಬ ಆ ಬಾಗಿಲಿನ ಹೊರಗೆ ಎರಡು ದಿನ ನಿಂತದ್ದನ್ನು ನಾನು ಕಂಡಿದ್ದೇನೆ. ಊದುಬತ್ತಿಯ ಪರಿಮಳ ಹೊರಗೆ ಬರುತ್ತಿತ್ತು. ಅವನ ಮಾತು ಮಾತ್ರ ಒಳಗೆ ಹೋಗುತ್ತಿರಲಿಲ್ಲ.

ಅಹಲ್ಯಾಬಾಯಿಯ ಹೃದಯವಂತಿಕೆ ಬರಿಯ ಮೃದುತನವಾಗಿರಲಿಲ್ಲ ಎಂಬುದನ್ನೂ ಗಮನಿಸಬೇಕು. ದಾರಿಹೋಕರನ್ನು ಸುಲಿಯುತ್ತಿದ್ದ ಭಿಲ್ಲರ ವಿಷಯದಲ್ಲಿ ಅವಳು ಮೊದಲು ಸಾಮವನ್ನು ಪ್ರಯೋಗಿಸಿದಳು, ಫಲಿಸದಾಗ ದಂಡವನ್ನು ಬಳಸಿದಳು. ಆದರೆ ಅಲ್ಲಿಗೆ ನಿಲ್ಲಲಿಲ್ಲ. ತಮ್ಮ ಬೆಟ್ಟಗಳನ್ನು ಹಾಯುವ ಸರಕಿನ ಮೇಲೆ ಅಲ್ಪ ಸುಂಕ ಪಡೆಯುವ ಅವರ ಪರಂಪರಾಗತ ಹಕ್ಕನ್ನು ಮಾನ್ಯಮಾಡಿ, ಸಾಗುವಳಿಗೆ ಬೀಳುಭೂಮಿಯನ್ನು ಕೊಟ್ಟು, ಪ್ರತಿಯಾಗಿ ಅದೇ ದಾರಿಗಳ ರಕ್ಷಣೆಯ ಹೊಣೆಯನ್ನು ಅವರಿಗೇ ವಹಿಸಿದಳು. ಅಪರಾಧದ ಹಿಂದಿನ ನೋವನ್ನು ಗುರುತಿಸುವುದು, ಗುರುತಿಸಿದ ಮೇಲೆ ಹೊಣೆಗಾರಿಕೆಯನ್ನು ಬಿಟ್ಟುಕೊಡದಿರುವುದು - ತರಬೇತಿ ಶಿಬಿರಗಳು ಎರಡು ದಿನ ಹೇಳುವುದನ್ನು ಇದೊಂದೇ ಕ್ರಮ ಕಲಿಸುತ್ತದೆ. ಸೈನ್ಯದ ಹೊಣೆಯನ್ನು ಅವಳು ತುಕೋಜಿಗೆ ಒಪ್ಪಿಸಿದಳು. ವಯಸ್ಸಿನಲ್ಲಿ ಹಿರಿಯನಾದ ಆತ ಅವಳನ್ನು ತಾಯಿಯೆಂದೇ ಸಂಬೋಧಿಸುತ್ತಿದ್ದನಂತೆ.

ನಮ್ಮ ನಾಡಿನಲ್ಲಿಯೂ ಇದಕ್ಕೆ ಸಮಾನವಾದ ನಿದರ್ಶನವಿದೆ. ಪತಿಯ ಕೊಲೆಯ ತರುವಾಯ 1672ರಿಂದ ಕೆಳದಿಯನ್ನು ಆಳಿದ ರಾಣಿ ಚೆನ್ನಮ್ಮಾಜಿ, 1689ರಲ್ಲಿ ಜಿಂಜಿಯತ್ತ ಪಾರಾಗುತ್ತಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತಳು. ಔರಂಗಜೇಬನ ಸೈನ್ಯ ತನ್ನ ಮೇಲೆ ಬೀಳುವುದೆಂದು ತಿಳಿದೂ ಮೊರೆಹೊಕ್ಕವನನ್ನು ಕೈಬಿಡಲಿಲ್ಲ. ಮಹಾರಾಷ್ಟ್ರದಲ್ಲಿ ನೆಲೆಸಿದ ಕನ್ನಡಿಗರು ನೆರೆಯವರೊಡನೆ ಹೆಮ್ಮೆಯಿಂದ ಹಂಚಿಕೊಳ್ಳಬೇಕಾದ ಕಥೆಯಿದು.

ಆದರೆ ಶ್ರದ್ಧೆಗೂ ಹೃದಯವಂತಿಕೆಗೂ ಒಂದು ಎಲ್ಲೆಯಿದೆ. 1791ರಲ್ಲಿ ಅಹಲ್ಯಾಬಾಯಿಯ ಅಳಿಯ ತೀರಿಕೊಂಡಾಗ ಮಗಳು ಮುಕ್ತಾಬಾಯಿ ಚಿತೆಯೇರಲು ನಿಶ್ಚಯಿಸಿದಳು. ತಾಯಿ ಅಂಗಲಾಚಿ ಬೇಡಿಕೊಂಡಳು, ಮಗಳು ಕೇಳಲಿಲ್ಲ. ರಾಜ್ಯವನ್ನೇ ಆಳುತ್ತಿದ್ದವಳು ಚಿತೆಯ ಬಳಿ ನಿಂತು ಗೋಳಾಡಿದಳು. ಮೂರು ದಿನ ಆಹಾರ ಮುಟ್ಟಲಿಲ್ಲ. ಅವಳಿಗೆ ಮರುಕದ ಕೊರತೆಯಿರಲಿಲ್ಲ. ಮೂವತ್ತೇಳು ವರ್ಷಗಳ ಹಿಂದೆ ಅದೇ ಚಿತೆಯಿಂದ ಹಿಂದೆ ಸರಿದವಳು ಅವಳೇ. ಇಲ್ಲದಿದ್ದುದು ಕಟ್ಟಳೆ. ಸಹಗಮನವನ್ನು ನಿಷೇಧಿಸುವ ಕಾಯಿದೆ ಬಂಗಾಲ ಪ್ರಾಂತದಲ್ಲಿ ಬಂದದ್ದು 1829ರಲ್ಲಿ. ಒಬ್ಬ ಮಾವನ ಕರುಣೆ ಒಬ್ಬ ಸೊಸೆಯನ್ನು ಉಳಿಸಬಹುದು. ಎಲ್ಲ ಹೆಣ್ಣುಮಕ್ಕಳನ್ನೂ ಉಳಿಸಲು ನಿಯಮವೇ ಬೇಕು. ಆದುದರಿಂದ ನಾಯಕನ ಸದ್ಗುಣವನ್ನು ಎಷ್ಟು ಕೊಂಡಾಡಿದರೂ, ಆ ಸದ್ಗುಣ ವ್ಯವಸ್ಥೆಯಾಗಿ ಮಾರ್ಪಡದಿದ್ದರೆ ಅವನೊಂದಿಗೇ ಮುಗಿದುಹೋಗುತ್ತದೆ.

ಇಷ್ಟನ್ನೂ ಹೊರನಾಡ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುವುದೇಕೆ ಎಂದು ಓದುಗರು ಕೇಳಬಹುದು. ವರ್ಗಾವಣೆಯ ನಿಮಿತ್ತ ಹಲವು ಊರುಗಳಲ್ಲಿ ಬಾಳಿದ ನಾನು ನಮ್ಮ ಸಂಘಗಳು ಬೆಳೆದುದನ್ನೂ ಒಡೆದುದನ್ನೂ ನೋಡಿದ್ದೇನೆ. ಅವು ಒಡೆದದ್ದು ಹಣದ ಅಭಾವದಿಂದಲ್ಲ. ಹಿರಿಯರು ಕುರ್ಚಿಯನ್ನು ಸ್ವಂತದ್ದೆಂದು ಭಾವಿಸಿದ್ದರಿಂದ. ಗಣೇಶೋತ್ಸವದ ಮಂಟಪದಲ್ಲಿ ಜಾತಿಯ ಲೆಕ್ಕ ಹಾಕಿದ್ದರಿಂದ. ಇಲ್ಲಿಯೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದ ತರುಣನ ಅರೆಬರೆ ಕನ್ನಡಕ್ಕೆ ನಕ್ಕಿದ್ದರಿಂದ. ಹಾಗೆ ನಗಿಸಿಕೊಂಡ ತರುಣ ಮರುವರ್ಷ ರಾಜ್ಯೋತ್ಸವಕ್ಕೆ ಬರುವುದಿಲ್ಲ. ಅವನ ಮಕ್ಕಳು ಕನ್ನಡವನ್ನೇ ಅರಿಯುವುದಿಲ್ಲ. ನಾವು ಕಳೆದುಕೊಳ್ಳುವುದು ಒಬ್ಬ ಸದಸ್ಯನನ್ನಲ್ಲ, ಒಂದು ವಂಶದ ಭಾಷೆಯನ್ನು.

ಪೂಜೆ ನಡೆಯಲಿ, ಮಂಗಳಾರತಿಯಾಗಲಿ. ಅದರೊಂದಿಗೆ ಮೂರು ಕಾರ್ಯಗಳೂ ನಡೆಯಲಿ. ಯಾವ ಪದಾಧಿಕಾರಿಯೂ ಸತತ ಎರಡು ಅವಧಿಗಿಂತ ಹೆಚ್ಚು ಕಾಲ ಮುಂದುವರಿಯಬಾರದೆಂಬ ನಿಯಮ ಸಂಘದ ನಿಬಂಧನೆಗಳಲ್ಲಿ ಸೇರಲಿ. ಕಾರ್ಯಕಾರಿ ಸಮಿತಿಯಲ್ಲಿ ಇಲ್ಲಿಯೇ ಹುಟ್ಟಿದ ತಲೆಮಾರಿನವರಿಗೂ ಮಹಿಳೆಯರಿಗೂ ಸ್ಥಾನ ಮೀಸಲಾಗಲಿ. ತಿಂಗಳಿಗೊಮ್ಮೆ, ಭಾಷಣಗಳಿಲ್ಲದ ಒಂದು ಸಂಜೆ, ಸದಸ್ಯರು ಹೇಳುವುದನ್ನು ಅಧ್ಯಕ್ಷರು ಕುಳಿತು ಕೇಳಲಿ. ಚಾಂದವಡ್‌ಗೆ ಹೋಗುವ ಕನ್ನಡಿಗರು ರೇಣುಕಾದೇವಿಗೆ ಹಣ್ಣುಕಾಯಿ ಮಾಡಿಸಿದ ಬಳಿಕ ರಂಗಮಹಲನ್ನೂ ನೋಡಿ ಬರುವುದೊಳ್ಳೆಯದು. ಭಕ್ತಿ ಗುಡಿಯಲ್ಲಿ ಆರಂಭವಾಗಬಹುದು. ಆದರೆ ಅಧಿಕಾರ ಹಿಡಿದವನ ಭಕ್ತಿಯ ಪರೀಕ್ಷೆ ನಡೆಯುವುದು ಜನರು ಅವನ ಮುಂದೆ ಬಂದು ನಿಂತಾಗ.