ದಾಳ ಬೇಡ, ಮಾತು ಸಾಕು

ಕಳೆದ ಪೆರ್ನಾಲಿನ ರಜೆಯಲ್ಲಿ ನಮ್ಮ ಮನೆಯ ಚಾವಡಿಯಲ್ಲಿ ಐದು ಮಕ್ಕಳು ಚಾಪೆ ಹಾಸಿ ಕುಳಿತಿದ್ದರು. ನಡುವೆ ನಾನು ಬೆಂಗಳೂರಿನಿಂದ ತಂದ ಇಪ್ಪತ್ತು ಮುಖದ ದಾಳ. ಚಾಯ ತಂದ ಉಮ್ಮ ಅದನ್ನು ನೋಡಿ ಅಲ್ಲೇ ನಿಂತರು.

“ಇದೆಂತದು ಮೋನೆ, ಜೂಜಾ?”

“ಜೂಜಲ್ಲ ಉಮ್ಮ, ಕಥೆಯ ಆಟ. ದುಡ್ಡು ಗಿಡ್ಡು ಎಂತ ಇಲ್ಲ.”

“ಕಥೆ ಹೇಳ್ಲಿಕ್ಕೆ ದಾಳ ಯಾಕೆ?”

ನನ್ನಲ್ಲಿ ಉತ್ತರ ಇರಲಿಲ್ಲ. ದಾಳವನ್ನು ಜೇಬಿಗೆ ಹಾಕಿ ಆವತ್ತಿಗೆ ಆಟ ನಿಲ್ಲಿಸಿದೆ. ಉಮ್ಮನ ಪ್ರಶ್ನೆಯಿಂದ ಆಟ ಕೆಡಲಿಲ್ಲ, ಒಳ್ಳೆಯದಾಯಿತು. ಅದು ಹೇಗೆ ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ಹತ್ತರಿಂದ ಹದಿನೆಂಟರವರೆಗಿನ ಮಕ್ಕಳಿರುವವರು ಕೊನೆಯವರೆಗೆ ಓದಬೇಕು ಎಂದು ನನ್ನ ಕೋರಿಕೆ.

ಈ ಆಟಕ್ಕೆ ಇಂಗ್ಲಿಷಿನಲ್ಲಿ ರೋಲ್‌ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ನಾಲ್ಕೈದು ಜನ ಸುತ್ತ ಕೂರುತ್ತಾರೆ. ಒಬ್ಬ ಆಟ ನಡೆಸುವವ. ಉಳಿದವರು ಕಥೆಯೊಳಗಿನ ಒಬ್ಬೊಬ್ಬ ವ್ಯಕ್ತಿ. ನಡೆಸುವವ ಒಂದು ಸನ್ನಿವೇಶ ಹೇಳಿ, “ಈಗ ನೀನು ಎಂತ ಮಾಡ್ತಿ?” ಎಂದು ಕೇಳುತ್ತಾನೆ. ಆಡುವವ ಹೇಳಿದ್ದರಿಂದ ಕಥೆ ಮುಂದೆ ಹೋಗುತ್ತದೆ. ಸೋಲು ಗೆಲುವು ಇಲ್ಲ, ಪರದೆ ಇಲ್ಲ, ಚಾರ್ಜರ್ ಬೇಡ. ಇದರಲ್ಲಿ ಹೆಚ್ಚು ಹೆಸರಾದದ್ದು ಡಂಜನ್ಸ್ ಅಂಡ್ ಡ್ರಾಗನ್ಸ್. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಇದನ್ನು ಹೊರತಂದರು. ಅದರಲ್ಲಿ ಮಾಂತ್ರಿಕರು, ರಾಕ್ಷಸರು, ನಾನಾ ದೇವತೆಗಳು ಇದ್ದಾರೆ. ಕತ್ತಿ ಬೀಸಿದರೆ ತಾಗಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ಇದನ್ನು ಕಂಡು ಹೆದರಿದವರು ನಮ್ಮಲ್ಲಿ ಮಾತ್ರ ಅಲ್ಲ. 1980ರ ದಶಕದಲ್ಲಿ ಅಮೆರಿಕದ ಕ್ರೈಸ್ತ ಪೋಷಕರೂ ಇದು ಮಕ್ಕಳನ್ನು ಸೈತಾನನ ಕಡೆಗೆ ಒಯ್ಯುತ್ತದೆ ಎಂದು ದೊಡ್ಡ ಗದ್ದಲ ಮಾಡಿದ್ದರು. ಆ ಭಯ ನಿಜವಾಗಲಿಲ್ಲ. ಆದರೂ “ಅವರದ್ದು ಮೂಢತನ, ನಮ್ಮ ಹಿರಿಯರದ್ದೂ ಅದೇ” ಎಂದು ಉಮ್ಮನ ಮಾತನ್ನು ತಳ್ಳಿಹಾಕುವುದು ನನಗೆ ಸರಿ ಕಾಣಲಿಲ್ಲ. ದಾಳದಾಟದ ಬಗ್ಗೆ ಹದೀಸಿನಲ್ಲಿ ಎಚ್ಚರಿಕೆ ಇರುವುದು ನಮಗೆಲ್ಲ ಗೊತ್ತು. ನಾವು ಅನುಸರಿಸುವ ಶಾಫಿಈ ಮದ್‌ಹಬಿನ ವಿದ್ವಾಂಸರು ತಲೆ ಓಡಿಸಿ ಆಡುವ ಆಟವನ್ನೂ ಅದೃಷ್ಟವನ್ನೇ ನೆಚ್ಚಿದ ಆಟವನ್ನೂ ಬೇರೆ ಬೇರೆಯಾಗಿ ನೋಡಿದ್ದಾರೆ. ಹಾಗಾಗಿ ಪರಿಚಯದ ಉಸ್ತಾದರೊಬ್ಬರಲ್ಲಿ ಹೋಗಿ ಕೇಳಿದೆ.

“ಹಣ ಕಟ್ಟುವುದುಂಟಾ?”

“ಇಲ್ಲ ಉಸ್ತಾದ್.”

“ನಮಾಝಿನ ಹೊತ್ತು?”

“ಬಾಂಗ್ ಕೇಳಿದರೆ ನಿಲ್ಲಿಸ್ತೇವೆ.”

“ಹಾಗಾದರೆ ಆ ದಾಳವನ್ನೂ ಮಂತ್ರ ಮಾಟವನ್ನೂ ಬಿಡಿ. ಮಕ್ಕಳು ತಲೆ ಉಪಯೋಗಿಸಿ ಆಡಲಿ.”

ಇದು ಫತ್ವಾ ಅಲ್ಲ, ಒಬ್ಬ ಹಿರಿಯರು ಕೊಟ್ಟ ಸಲಹೆ. ನಿಮ್ಮ ಉಸ್ತಾದರನ್ನು ನೀವು ಕೇಳಿಕೊಳ್ಳಿ. ನನಗಂತೂ ಅದು ಒಂದು ಸವಾಲಾಯಿತು. ದಾಳ ತೆಗೆದರೆ ಆಟದಲ್ಲಿ ಉಳಿಯುವುದೇನು?

ಬಹಳ ಉಳಿಯುತ್ತದೆ. ದಾಳವಿಲ್ಲದ ಇಂಥ ಆಟಗಳು ಬಂದು ಮೂವತ್ತು ವರ್ಷ ದಾಟಿದೆ. 1991ರಲ್ಲಿ ಎರಿಕ್ ವುಜ್ಸಿಕ್ ಮಾಡಿದ ಆಂಬರ್ ಎಂಬ ಆಟದಲ್ಲಿ ದಾಳವೇ ಇಲ್ಲ. 2005ರ ಡ್ರೆಡ್ ಎಂಬ ಆಟದಲ್ಲಿ ಮರದ ತುಂಡುಗಳ ಗೋಪುರ ಕಟ್ಟಿಡುತ್ತಾರೆ. ಕಷ್ಟದ ಕೆಲಸ ಮಾಡಬೇಕಾದರೆ ಕೈ ನಡುಗದೆ ಒಂದು ತುಂಡು ಎಳೆಯಬೇಕು. ಇನ್ನು ಕೆಲವು ಆಟಗಳಲ್ಲಿ ಬಿಲ್ಲೆಗಳನ್ನು ಕೊಟ್ಟು ತೆಗೆದುಕೊಳ್ಳುವ ಕ್ರಮ ಉಂಟು. ನಾನು ಅದನ್ನೇ ಹಿಡಿದೆ. ಬಿಲ್ಲೆಯ ಬದಲು ಚೆನ್ನೆಮಣೆಯ ಮಂಜೊಟ್ಟಿ ಕಾಯಿ ತಂದೆ.

ಕಥೆಗೆ ಡ್ರಾಗನ್ ಏಕೆ ಬೇಕು? ಬ್ಯಾರಿ ಎಂಬ ಹೆಸರೇ ತುಳುವಿನ ‘ಬ್ಯಾರ’ದಿಂದ, ಅಂದರೆ ವ್ಯಾಪಾರದಿಂದ ಬಂದದ್ದು ಎನ್ನುವವರೇ ಹೆಚ್ಚು. 16ನೇ ಶತಮಾನದ ಆರಂಭದಲ್ಲಿ ಈ ಕರಾವಳಿಗೆ ಬಂದ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೊಸಾ, ಕುಂಬಳೆಯಿಂದ ಮಾಲ್ದೀವಿಗೆ ಅಕ್ಕಿ ಹೋಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಮಾಲ್ದೀವಿನಿಂದ ತೆಂಗಿನ ನಾರು, ಕವಡೆ ಬರುತ್ತಿತ್ತು. ಕಡಲಲ್ಲಿ ಪೋರ್ಚುಗೀಸರ ಪರವಾನಗಿ ಚೀಟಿ ಇಲ್ಲದ ಹಡಗಿಗೆ ಉಳಿಗಾಲ ಇರಲಿಲ್ಲ. ನಮ್ಮ ಮಕ್ಕಳು ಬಸ್ಸಿನಲ್ಲಿ ದಾಟಿ ಹೋಗುವ ಕುಂಬಳೆ ಹೊಳೆಯ ಬಾಯಿಯಿಂದಲೇ ಹೊರಡುವ ಒಂದು ಹಡಗನ್ನು ಆಟಕ್ಕೆ ಇಟ್ಟೆ. ಒಬ್ಬ ನಖೂದ, ಒಬ್ಬ ವ್ಯಾಪಾರಿ, ಒಬ್ಬ ಲೆಕ್ಕ ಬರೆಯುವವ, ಒಬ್ಬ ಬಡಗಿ, ಒಬ್ಬ ಅಡಿಗೆಯವ.

ಮೊದಲ ದಿನವೇ ಎಡವಿದೆ. “ಆಟಿ ತಿಂಗಳ ಒಂದು ಮುಂಜಾನೆ ಹಡಗು ಹೊರಟಿತು” ಎಂದು ಜೋರಾಗಿ ಶುರು ಮಾಡಿದೆ. ಅಡಿಗೆ ಮನೆಯಿಂದ ಉಮ್ಮನ ನಗು ಕೇಳಿತು. “ಆಟಿಯಲ್ಲಿ ಯಾರು ಮೋನೆ ಕಡಲಿಗೆ ಇಳಿಯುವುದು? ಹಡಗು ಹೊರಡುವುದು ಮಳೆ ಬಿಟ್ಟ ಮೇಲೆ.” ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕರು. ಆಮೇಲೆ ಉಮ್ಮ ಬಾಗಿಲ ಬಳಿ ಬಂದು ಕುಳಿತರು. ಹಾಯಿಗೆ, ಹಗ್ಗಕ್ಕೆ, ಗಾಳಿಗೆ ಬ್ಯಾರಿಯಲ್ಲಿ ಇರುವ ಮಾತುಗಳನ್ನು ಮಕ್ಕಳು ಅವರನ್ನೇ ಕೇಳತೊಡಗಿದರು. ನನಗೂ ಅದರಲ್ಲಿ ಅರ್ಧ ಗೊತ್ತಿರಲಿಲ್ಲ.

ಇಲ್ಲಿ ಭಾಷೆಯ ವಿಷಯ ಹೇಳಲೇಬೇಕು. ಆ ಐವರಲ್ಲಿ ಇಬ್ಬರು ಕನ್ನಡ ಮೀಡಿಯಂ, ಇಬ್ಬರು ಮಲಯಾಳಂ ಮೀಡಿಯಂ, ದುಬೈಯಿಂದ ಬಂದ ಒಬ್ಬಳು ಪೂರ್ತಿ ಇಂಗ್ಲಿಷ್. ಗಡಿಯ ನಮ್ಮ ಊರುಗಳಲ್ಲಿ ಇದು ಹೊಸತೇನಲ್ಲ. ಒಂದೇ ಉಮ್ಮಾಮನ ಮೊಮ್ಮಕ್ಕಳು ಮೂರು ಲಿಪಿಯಲ್ಲಿ ಬರೆಯುತ್ತಾರೆ. ನಾನು ಕಾಗದದಲ್ಲಿ ಕನ್ನಡದಲ್ಲಿ ಬರೆದುಕೊಟ್ಟ ನಿಯಮವನ್ನು ಮೂವರಿಗೆ ಓದಲು ಬರಲಿಲ್ಲ. ಆದರೆ ಆಟಕ್ಕೆ ಓದುವುದು ಬೇಕಾಗಿರಲಿಲ್ಲ. ಐವರಿಗೂ ಸಮಾನವಾಗಿ ಇದ್ದದ್ದು ನಮ್ಮ ‘ನಕ್ಕ್ ನಿಕ್ಕ್’ ಬಾಸೆ ಒಂದೇ. ದುಬೈಯ ಹುಡುಗಿ ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಅರ್ಧ ಗಂಟೆಯಲ್ಲಿ, ಜಗಳ ಮಾಡುವ ಅವಸರಕ್ಕೆ, ತಪ್ಪೋ ಸರಿಯೋ ಬ್ಯಾರಿಗೆ ಇಳಿದಳು. “ಮನೆಯಲ್ಲಿ ಬ್ಯಾರಿ ಮಾತಾಡಿ” ಎಂದು ನಾವು ಮಕ್ಕಳಿಗೆ ಎಷ್ಟೋ ಸಲ ಹೇಳಿದ್ದೇವೆ. ಆದರೆ ಬ್ಯಾರಿಯಲ್ಲಿ ಮಾತಾಡುವುದಕ್ಕೆ ಅವರಿಗೆ ವಿಷಯ ಕೊಟ್ಟದ್ದು ಕಡಿಮೆ. “ಊಟ ಆಯಿತಾ, ಎಲ್ಲಿ ಹೋದೆ” ಎಂಬಷ್ಟಕ್ಕೇ ನಿಂತ ಭಾಷೆ ಎಷ್ಟು ದಿನ ಬಾಳೀತು?

ಎರಡನೆಯ ದಿನ ಹಡಗಿಗೆ ಬಿರುಗಾಳಿ ಹೊಡೆಯಿತು. “ಮೂವತ್ತು ಮುಡಿ ಅಕ್ಕಿ ಕಡಲಿಗೆ ಎಸೆಯದಿದ್ದರೆ ಹಡಗು ಮುಳುಗುತ್ತದೆ” ಎಂದೆ. ಎಲ್ಲಕ್ಕಿಂತ ಮೇಲೆ ಇದ್ದದ್ದು ಊರಿನ ಒಬ್ಬ ವಿಧವೆ ಮಗಳ ಮದುವೆಗೆಂದು ಮಾರಿಕೊಡಲು ಒಪ್ಪಿಸಿದ ಹತ್ತು ಮುಡಿ. ಎಲ್ಲರಿಗಿಂತ ದೊಡ್ಡವ, ಪ್ಲಸ್ ಟೂ ಹುಡುಗ, ತಕ್ಷಣ ಹೇಳಿದ: “ಮೇಲಿನದ್ದನ್ನೇ ಎಸೆಯುವ. ಅವರು ಇಲ್ಲಿ ನೋಡ್ಲಿಕ್ಕೆ ಇಲ್ಲವಲ್ಲ.”

ಆಗ ಲೆಕ್ಕ ಬರೆಯುವವನಾಗಿದ್ದ ನನ್ನ ತಂಗಿಯ ಮಗ ಬಾಯಿ ಬಿಟ್ಟ. ಹನ್ನೊಂದು ವರ್ಷ. ಉಪ್ಪ ಗಲ್ಫಿನಲ್ಲಿ. ನೆಂಟರ ಮುಂದೆ ಹೆಸರು ಕೇಳಿದರೂ ತಲೆ ತಗ್ಗಿಸುವವ. “ಅದು ಅಮಾನತ್. ನಮ್ಮದನ್ನು ಮೊದಲು ಎಸೆಯಬೇಕು.”

“ನಮ್ಮದು ಹೋದರೆ ಮಾಲ್ದೀವಿಗೆ ಹೋಗಿ ಎಂತ ಮಾಡುವುದು?”

ಜಗಳ ಮುಕ್ಕಾಲು ಗಂಟೆ ನಡೆಯಿತು. ನಾನು ಒಂದು ಮಾತೂ ಆಡಲಿಲ್ಲ. ದುಬೈಯ ಹುಡುಗಿ, ನಷ್ಟವನ್ನು ಎಲ್ಲರ ಪಾಲಿಗೆ ತಕ್ಕಂತೆ ಹಂಚುವ ಎಂದಳು. ಕಡಲ ವ್ಯಾಪಾರದ ಕಾನೂನಿನಲ್ಲಿ ಇದೇ ನಿಯಮ ರೋಮನರ ಕಾಲದಿಂದ ಉಂಟು, ಅವಳಿಗೆ ಅದು ತಾನಾಗಿ ಹೊಳೆದಿತ್ತು. ಕೊನೆಗೆ ಎಲ್ಲರೂ ಅದಕ್ಕೆ ಒಪ್ಪಿದರು. ವಿಧವೆಯ ಪಾಲಿನ ನಷ್ಟವನ್ನು ನಮ್ಮ ಲೆಕ್ಕದವ ತನ್ನ ತಲೆಗೆ ಹಾಕಿಕೊಂಡ. ಮರುದಿನ ಬೆಳಿಗ್ಗೆ ನಾನು ಹಲ್ಲುಜ್ಜುವಾಗ ಬಂದು ಕೇಳಿದ: “ಮಾಮ, ಊರಿಗೆ ಬಂದ ಮೇಲೆ ಆ ಉಮ್ಮನಿಗೆ ಇದನ್ನು ಹೇಳಬೇಕಾ?”

ಆ ಜಾಗದಲ್ಲಿ ಒಂದು ದಾಳ ಇದ್ದಿದ್ದರೆ? ಉರುಳಿಸುತ್ತಿದ್ದರು, ಒಂದು ಸಂಖ್ಯೆ ಬರುತ್ತಿತ್ತು, ಯಾರದ್ದೂ ತಪ್ಪಿಲ್ಲ ಎಂದು ಮುಂದೆ ಹೋಗುತ್ತಿದ್ದರು. ದಾಳದ ಆಟವೂ ಚೆನ್ನಾಗಿಯೇ ಇರುತ್ತದೆ, ಬೆಂಗಳೂರಿನಲ್ಲಿ ನಾನೇ ವರ್ಷಗಟ್ಟಲೆ ಆಡಿದ್ದೇನೆ. ಆದರೆ ತೀರ್ಮಾನದ ಭಾರ ಮಕ್ಕಳ ಮೇಲೆಯೇ ಬೀಳುವುದನ್ನು ನಾನು ನೋಡಿದ್ದು ಈ ಆಟದಲ್ಲಿ.

ನನ್ನ ಅಭಿಪ್ರಾಯ ಇಷ್ಟು. ನಮ್ಮ ಮನೆಗಳಲ್ಲಿ ಮಕ್ಕಳಿಗೆ ಪ್ರೀತಿ ಕಡಿಮೆ ಇಲ್ಲ, ಉಪದೇಶವಂತೂ ಬೇಕಾದಷ್ಟು ಉಂಟು. ಯಾವ ಶಾಲೆ, ಸಯನ್ಸೋ ಕಾಮರ್ಸೋ, ಊರಲ್ಲೋ ಗಲ್ಫಿನಲ್ಲೋ, ಎಲ್ಲ ದೊಡ್ಡವರೇ ನಿಶ್ಚಯಿಸಿ ಆಗಿರುತ್ತದೆ. “ನೀನಾಗಿದ್ದರೆ ಎಂತ ಮಾಡ್ತಿದ್ದೆ?” ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕಾಯುವವರು ಇಲ್ಲ. ಅಮಾನತ್ ಎಂದರೆ ಏನು ಎಂದು ಮದ್ರಸದಲ್ಲಿ ಕಲಿಯುತ್ತಾರೆ. ಅದಕ್ಕೆ ಬೆಲೆ ಕೊಡಬೇಕಾಗುತ್ತದೆ ಎಂದು ನಷ್ಟವಿಲ್ಲದೆ ಪರೀಕ್ಷಿಸಿ ನೋಡಲು ಈ ಆಟ ಒಂದು ಜಾಗ. ಒಂದು ಆಟದಿಂದ ಮಗು ಬದಲಾಗುತ್ತದೆ ಎಂದು ನಾನು ಹೇಳುವುದಿಲ್ಲ. ನನ್ನ ಅಳಿಯ ಆ ಸಂಜೆಯೇ ಮತ್ತೆ ಮೊಬೈಲ್ ಹಿಡಿದಿದ್ದ.

ಆಡಬೇಕೆಂದಿರುವವರಿಗೆ ನಿಯಮ ಹೇಳುತ್ತೇನೆ. ಪ್ರತಿಯೊಬ್ಬನಿಗೆ ಒಂದು ಕೆಲಸ, ಒಂದು ದೌರ್ಬಲ್ಯ, ಬೇರೆಯವರು ನಂಬಿ ಕೊಟ್ಟ ಒಂದು ವಸ್ತು. ಕೈಯಲ್ಲಿ ಮೂರು ಮಂಜೊಟ್ಟಿ. ಸಾಮಾನ್ಯ ಕೆಲಸ ಪುಕ್ಕಟೆ. ಕಷ್ಟದ ಕೆಲಸಕ್ಕೆ ಹೇಗೆ ಮಾಡುತ್ತೇನೆ ಎಂದು ವಿವರಿಸಿ ಒಂದು ಕಾಯಿಯನ್ನು ಬಟ್ಟಲಿಗೆ ಹಾಕಬೇಕು. ತನ್ನ ದೌರ್ಬಲ್ಯದಿಂದ ತಾನೇ ಪೇಚಿಗೆ ಸಿಕ್ಕಿಕೊಂಡರೆ ಬಟ್ಟಲಿನಿಂದ ಒಂದು ಕಾಯಿ ವಾಪಸ್ಸು. ನಮ್ಮ ನಖೂದನಿಗೆ ಸಿಟ್ಟು ಜಾಸ್ತಿ. ನಾರಿನ ವ್ಯಾಪಾರಿಯೊಡನೆ ಜಗಳವಾಡಿ ಒಳ್ಳೆಯ ಬೆಲೆ ಕಳೆದುಕೊಂಡ, ಒಂದು ಕಾಯಿ ಗಳಿಸಿದ.

ನಡೆಸುವವರಿಗೆ ಎರಡೇ ಮಾತು. ಕಥೆಯ ಕೊನೆಯನ್ನು ಮೊದಲೇ ಬರೆದಿಡಬೇಡಿ. ಮಗು ಏನಾದರೂ ಹೇಳಿದರೆ “ಅದಾಗುವುದಿಲ್ಲ” ಎನ್ನಬೇಡಿ, “ಆಗುತ್ತದೆ, ಆದರೆ ಅದಕ್ಕೆ ಇಂಥದ್ದು ಹೋಗುತ್ತದೆ” ಎನ್ನಿ. ಇದು ನನಗೇ ಕಷ್ಟ. ಮೂರು ಸಲ ನಾಲಿಗೆ ಕಚ್ಚಿಕೊಂಡಿದ್ದೇನೆ.

ಅಳಿಯನ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ. ಹಡಗು ಮಾಲ್ದೀವಿನಲ್ಲಿ ನಿಂತಿದೆ. ಮುಂದಿನ ರಜೆಗೆ ಕುಂಬಳೆಗೆ ಮರಳುತ್ತದೆ. ಆ ವಿಧವೆಯ ಪಾತ್ರವನ್ನು ತಾನೇ ಮಾಡುತ್ತೇನೆ ಎಂದು ಉಮ್ಮ ಈಗಲೇ ಹೇಳಿಟ್ಟಿದ್ದಾರೆ.